ಹಂಡೆ ಒಲೆಯ ಬೆನ್ನಿಗೆ ಗಿಡದ ಕಡ್ಡಿಗೊಂದು ಪೆಟ್ಟಿಗೆ

ಈ ಮಳೆಗಾಲದಲ್ಲಿ ನಮ್ಮ ಅಂಗಳದ ಅಂಚಿನ ಕಡಿದಾದ ಮಣ್ಣಿನ ಬರೆ ಎರಡು ಕಡೆ ಜರಿಯಿತು. ಹಳೆಯ ಕಲ್ಲುಕಟ್ಟನ್ನು ತೆಗೆದು ಜನವರಿಯಲ್ಲಿ ಹೊಸ ತಡೆಗೋಡೆ ಕಟ್ಟಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಜೆಸಿಬಿ ನಿಲ್ಲಲು ಇರುವುದು ಒಂದೇ ಜಾಗ, ಅಮ್ಮನ ಹೂದೋಟ. ಮೂವತ್ತು ವರ್ಷದ ಹೈಡ್ರೇಂಜಿಯ ಸಾಲು, ಪರಿಮಳದ ಹಳೆಯ ಗುಲಾಬಿ, ಫ್ಯೂಷಿಯಾ, ಬಿಗೋನಿಯಾ, ಎರಡು ಬಗೆಯ ದಾಸವಾಳ, ಬೇಲಿಯ ಬುಡದ ಮದ್ದುಸೊಪ್ಪು, ಎಲ್ಲವೂ ಅಲ್ಲೇ. ಬುಡಸಮೇತ ಕೀಳೋಣವೆಂದರೆ ಹೈಡ್ರೇಂಜಿಯದ ಬೇರು ಕಲ್ಲುಸಂದಿಯೊಳಗೆ ಹೊಕ್ಕು ಬಲಿತಿದೆ. “ಹೋದರೆ ಹೋಗಲಿ ಮಗಳೇ, ಗೋಡೆ ಮುಖ್ಯ” ಎಂದರು ಅಮ್ಮ. ಹೇಳುವಾಗ ಗಿಡಗಳ ಕಡೆ ನೋಡಲಿಲ್ಲ. ಜನವರಿಯೊಳಗೆ ಒಂದೊಂದು ಗಿಡಕ್ಕೂ ಕಡ್ಡಿಯಿಂದ ಮರಿ ಎಬ್ಬಿಸಬೇಕೆಂದು ನಾನು ಅಂದೇ ನಿಶ್ಚಯಿಸಿದೆ.

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಇಲ್ಲಿ ಯಾರನ್ನು ಕೇಳಿದರೂ ಕಡ್ಡಿ ನೆಡಲು ಜೂನ್ ತಿಂಗಳೇ ಸರಿ ಎನ್ನುತ್ತಾರೆ. ಮೊದಲ ಮಳೆ ಹಿಡಿದ ಕೂಡಲೇ ಹಾಲುವಾಣದ ಗೂಟ, ಕ್ರೋಟನ್, ಬೇಲಿ ದಾಸವಾಳ ಎಲ್ಲವನ್ನೂ ಕಡಿದು ಚುಚ್ಚುವುದು ರೂಢಿ. ಬಲಿತ, ಗಟ್ಟಿ ಕಡ್ಡಿಗೆ ಆ ಮಾತು ಸರಿಯೇ. ಆದರೆ ಹೈಡ್ರೇಂಜಿಯ, ಫ್ಯೂಷಿಯಾ, ಬಿಗೋನಿಯಾದಂಥ ಮೆತ್ತನೆಯ ಗಿಡಗಳಿಗೆ ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹಿಂದಿನ ವರ್ಷ ಜೂನ್‌ನಲ್ಲಿ ಇಪ್ಪತ್ತು ಹೈಡ್ರೇಂಜಿಯ ಕಡ್ಡಿ ಚುಚ್ಚಿದ್ದೆ, ಉಳಿದದ್ದು ಎರಡು. ಸತ್ತವುಗಳನ್ನು ಕಿತ್ತು ನೋಡಿದರೆ ಬುಡವೆಲ್ಲ ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಬೇರು ಹುಟ್ಟಲು ಕಡ್ಡಿಯ ಬುಡಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ನಮ್ಮ ಆಷಾಢದ ಮಳೆಯಲ್ಲಿ ಮಣ್ಣಿನ ಸಂದುಗಳಲ್ಲಿ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೇಲೆ ವಾರಗಟ್ಟಲೆ ಬಿಸಿಲಿಲ್ಲದೆ ಎಲೆಯೂ ಆಹಾರ ತಯಾರಿಸದು. ಆಗಿನ ಚಿಗುರು ಕೂಡ ಬರೀ ನೀರು ತುಂಬಿದ ಎಳಸು.

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತ ಹಬ್ಬ ಕಳೆದು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದವರೆಗಿನ ಆರು ವಾರ ಬೇರೆಯೇ ಕಾಲ. ಮಳೆ ಬಿಟ್ಟುಬಿಟ್ಟು ಬರುತ್ತದೆ, ಬಿಸಿಲು ಮರಳುತ್ತದೆ, ಮಣ್ಣಿನಲ್ಲಿ ಬೆಚ್ಚನೆಯ ಹದವಿರುತ್ತದೆ, ಗಾಳಿಯಲ್ಲಿ ಇನ್ನೂ ತೇವ ಇರುತ್ತದೆ. ಮಳೆಗಾಲದಲ್ಲಿ ಹೊಡೆದ ಚಿಗುರು ಅಷ್ಟು ಹೊತ್ತಿಗೆ ಅರ್ಧ ಬಲಿತಿರುತ್ತದೆ. ನವೆಂಬರ್ ಹಿಡಿದರೆ ರಾತ್ರಿಯ ಚಳಿ ಏರುತ್ತದೆ, ಅರೇಬಿಕಾ ಕಾಫಿ ಕೊಯ್ಲು ಶುರುವಾದ ಮೇಲೆ ಯಾರ ಕೈಯೂ ಬಿಡುವಾಗಿರುವುದಿಲ್ಲ. ಇರುವ ಸಮಯ ಇಷ್ಟೇ.

ಸೆಪ್ಟೆಂಬರ್ 21. ಪೆಟ್ಟಿಗೆ ಕೆಲಸ.

ಬೇರಿಲ್ಲದ ಕಡ್ಡಿಗೆ ಎರಡು ಬೇಕು: ಎಲೆಯ ಸುತ್ತ ತೇವದ ಗಾಳಿ, ಬುಡದಲ್ಲಿ ಬಿಸುಪು. ತೇವದ ಗಾಳಿಗೆ ಮುಚ್ಚಳವಿರುವ ಪೆಟ್ಟಿಗೆ ಸಾಕು. ಬಿಸುಪಿಗೆ ನರ್ಸರಿಗಳಲ್ಲಿ ವಿದ್ಯುತ್ ತಂತಿ ಹಾಸುತ್ತಾರಂತೆ. ನಮ್ಮ ಮನೆಯಲ್ಲಿ ಕರೆಂಟಿನ ಭರವಸೆ ಅಷ್ಟಿಲ್ಲ. ಎರಡು ದಿನ ಯೋಚಿಸಿದ ಮೇಲೆ ಹೊಳೆದದ್ದು ಬಚ್ಚಲುಮನೆ. ಬೆಳಿಗ್ಗೆ ಐದೂವರೆಗೆ ಮತ್ತು ಸಂಜೆ ಆರಕ್ಕೆ ಹಂಡೆಗೆ ಬೆಂಕಿ ಹಾಕುತ್ತೇವೆ, ಒಲೆಯ ಹಿಂಬದಿಯ ಗೋಡೆ ಇಡೀ ದಿನ ಬೆಚ್ಚಗಿರುತ್ತದೆ. ನಮ್ಮ ನಾಯಿ ಮಳೆಗಾಲವೆಲ್ಲ ಆ ಗೋಡೆಯ ಹೊರಗೇ ಮಲಗುತ್ತದೆ. ಆ ಜಾಗವನ್ನು ನಾಯಿಯಿಂದ ಕಡ ತೆಗೆದುಕೊಂಡೆ.

ಪೆಟ್ಟಿಗೆಗೆ ಮೂರೇ ಹಲಗೆ. ನಾಲ್ಕನೆಯ ಬದಿ ಗೋಡೆಯೇ. ಹಿಂದೆಯೂ ಹಲಗೆ ಬಡಿದಿದ್ದರೆ ಗೋಡೆಯ ಶಾಖಕ್ಕೆ ಅಡ್ಡವಾಗುತ್ತಿತ್ತು. ಉದ್ದ ನಾಲ್ಕು ಅಡಿ, ಅಗಲ ಎರಡು ಅಡಿ. ಅಟ್ಟದಲ್ಲಿ ಹಲಸಿನ ಮರದ ಚೌಕಟ್ಟಿನ ಹಳೆಯ ಗಾಜಿನ ಕಿಟಕಿ ಬಾಗಿಲುಗಳೆರಡು ಬಿದ್ದಿದ್ದವು, ಅವುಗಳ ಅಳತೆಯೇ ಪೆಟ್ಟಿಗೆಯ ಅಳತೆಯಾಯಿತು. ಹಲಗೆ ಸಿಲ್ವರ್ ಓಕ್‌ನದು, ತೋಟದಲ್ಲಿ ಬಿದ್ದ ಮರದ್ದು. ಗೋಡೆಯ ಕಡೆ 18 ಇಂಚು, ಮುಂದಕ್ಕೆ 12 ಇಂಚು ಎತ್ತರ. ಈ ಇಳಿಜಾರು ಮುಖ್ಯ. ಗಾಜಿನ ಒಳಮೈಯಲ್ಲಿ ಕಟ್ಟಿದ ಹನಿ ಎಲೆಗಳ ಮೇಲೆ ತೊಟ್ಟಿಕ್ಕದೆ ಗಾಜಿನಗುಂಟ ಜಾರಿ ಮುಂಬದಿಗೆ ಇಳಿಯುತ್ತದೆ. ಎಲೆಯ ಮೇಲೆ ದಿನವಿಡೀ ಹನಿ ನಿಂತರೆ ಅಲ್ಲಿಂದಲೇ ಕೊಳೆ ಶುರು.

ಗೆದ್ದಲು ಹತ್ತದಂತೆ ಹಲಗೆಗಳನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದೆ. ತಳಕ್ಕೆ ಒಡೆದ ಮಂಗಳೂರು ಹೆಂಚು ಹಾಸಿದೆ, ಸಂದಿಯಲ್ಲಿ ನೀರು ಬಸಿದುಹೋಗುತ್ತದೆ. ಅದರ ಮೇಲೆ ಎರಡು ಇಂಚು ಸಣ್ಣ ಜಲ್ಲಿ. ಹಲಗೆ ಮತ್ತು ಗೋಡೆ ಸೇರುವಲ್ಲಿ ಬೆರಳು ತೂರುವಷ್ಟು ಸಂದಿ ಉಳಿದಿತ್ತು, ಕಲಸಿದ ಜೇಡಿಮಣ್ಣು ಮೆತ್ತಿ ಮುಚ್ಚಿದೆ.

ಇನ್ನು ಕಡ್ಡಿ ನಿಲ್ಲುವ ಮಣ್ಣು. ಅದನ್ನು ಮಣ್ಣೆನ್ನುವುದೇ ತಪ್ಪು, ಅದರಲ್ಲಿ ಒಂದು ಹಿಡಿ ಮಣ್ಣಾಗಲಿ ಗೊಬ್ಬರವಾಗಲಿ ಇಲ್ಲ. ಬೇರಿಲ್ಲದ ಕಡ್ಡಿ ಗೊಬ್ಬರ ತಿನ್ನುವುದಿಲ್ಲ, ಗೊಬ್ಬರದಲ್ಲಿರುವ ಬೂಷ್ಟು ಕಡ್ಡಿಯನ್ನು ತಿನ್ನುತ್ತದೆ. ಎರಡು ಪಾಲು ಹೊಳೆ ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಮರಳನ್ನು ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆದೆ, ಏಳು ನೀರು ಬೇಕಾಯಿತು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು, ಅದನ್ನೂ ಮೂರು ಸಲ ನೆನೆಸಿ ಹಿಂಡಿದೆ. ಸುಟ್ಟ ಹೊಟ್ಟು ಅಕ್ಕಿ ಗಿರಣಿಯವರು ಕೊಟ್ಟದ್ದು. ಹಗುರ, ನೀರು ಹಿಡಿದರೂ ಗಾಳಿಗೆ ಜಾಗ ಬಿಡುತ್ತದೆ. ಪೇಟೆಯಲ್ಲಿ ಸಿಗುವ ಪರ್ಲೈಟ್ ಎಂಬ ಹಗುರ ಬಿಳಿ ಹರಳು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಕೊನೆಗೆ ಹಂಡೆಯ ಕುದಿನೀರನ್ನೇ ಎರಡು ಬಕೆಟ್ ಮೇಲೆ ಸುರಿದು ಆರಲು ಬಿಟ್ಟೆ.

ಹದ ನೋಡುವ ಬಗೆ ಹೀಗೆ: ಒಂದು ಮುಷ್ಟಿ ಮಿಶ್ರಣ ತೆಗೆದುಕೊಂಡು ಗಟ್ಟಿಯಾಗಿ ಹಿಂಡಬೇಕು. ಬೆರಳಸಂದಿಯಿಂದ ಒಂದೆರಡು ಹನಿ ಬಂದರೆ ಸರಿ. ಧಾರೆ ಕಟ್ಟಿದರೆ ನೀರು ಹೆಚ್ಚಾಗಿದೆ. ಮುಷ್ಟಿ ಬಿಡಿಸಿದಾಗ ಉಂಡೆ ನಿಂತು, ಹೆಬ್ಬೆರಳಿನಿಂದ ತಟ್ಟಿದರೆ ಉದುರಬೇಕು. ಹಿಟ್ಟು ಕಲಸುವ ಕೈಗೆ ಇದು ಒಂದೇ ಸಲಕ್ಕೆ ತಿಳಿಯುತ್ತದೆ. ಅಮ್ಮ ನೋಡಿ “ಇನ್ನೂ ಸ್ವಲ್ಪ ಆರಲಿ” ಎಂದರು. ಅವರ ಮಾತೇ ಸರಿಯಿತ್ತು.

ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಥರ್ಮಾಮೀಟರ್ ಒಂದನ್ನು ತಂದು ಮರಳಿನೊಳಗೆ ತೂರಿಸಿದೆ. ಒಂದು ವಾರ ಖಾಲಿ ಪೆಟ್ಟಿಗೆಯನ್ನೇ ಗಮನಿಸಿದೆ. ಬೆಳಿಗ್ಗೆ ಏಳಕ್ಕೆ ಹೊರಗೆ 17 ಡಿಗ್ರಿ ಇರುವಾಗ ಗೋಡೆಯ ಬದಿಯ ಮರಳಿನಲ್ಲಿ 23, ಮುಂಬದಿಯಲ್ಲಿ 20. ಬೇರು ಒಡೆಯಲು 20ರಿಂದ 24 ಡಿಗ್ರಿ ಒಳ್ಳೆಯದು. ಆ ಅಂಕಿ ನೋಡಿದ ಬೆಳಿಗ್ಗೆ ನನಗಾದ ಖುಷಿ ಇನ್ನೂ ನೆನಪಿದೆ.

ಸೆಪ್ಟೆಂಬರ್ 28. ಕಡ್ಡಿ ತೆಗೆದ ದಿನ.

ಬೆಳಗಿನ ಆರೂವರೆಗೆ, ಮಂಜು ಇನ್ನೂ ಕರಗಿಲ್ಲದಾಗ ಕತ್ತರಿ ಹಿಡಿದು ಇಳಿದೆ. ಆ ಹೊತ್ತಿನಲ್ಲಿ ಗಿಡದೊಳಗೆ ನೀರು ತುಂಬಿರುತ್ತದೆ. ಬಿಸಿಲೇರಿದ ಮೇಲೆ ಕತ್ತರಿಸಿದ ಕಡ್ಡಿ ಮೊದಲೇ ಅರ್ಧ ಬಾಡಿರುತ್ತದೆ. ಕತ್ತರಿಸಿದ್ದನ್ನೆಲ್ಲ ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟೆ. ಬಕೆಟ್ ನೀರಿನಲ್ಲಿ ಮುಳುಗಿಸಿಡುವುದಕ್ಕಿಂತ ಇದು ಎಷ್ಟೋ ಮೇಲು.

ಹೈಡ್ರೇಂಜಿಯದಲ್ಲಿ ಯಾವ ಚಿಗುರು ಆರಿಸುವುದೆಂಬುದೇ ಅರ್ಧ ಕೆಲಸ. ಹೂ ಬಿಟ್ಟ ಕೊಂಬೆ ಬೇಡ. ಈ ವರ್ಷ ಹೂ ಬಿಡದೆ ನೆಟ್ಟಗೆ ಬೆಳೆದ ಕೊಂಬೆ ಬೇಕು. ಅದನ್ನು ಎರಡು ಬೆರಳ ನಡುವೆ ಬಗ್ಗಿಸಿ ನೋಡಬೇಕು. ಹುರಿಯಂತೆ ಬಾಗಿ ಮತ್ತೆ ನೆಟ್ಟಗಾದರೆ ಇನ್ನೂ ಎಳಸು. ಬಗ್ಗದೆ ಎದುರು ನಿಂತರೆ ತೀರ ಬಲಿತದ್ದು. ಬೀನ್ಸ್ ಮುರಿದಂತೆ ‘ಟಕ್’ ಎಂದು ಮುರಿದು, ಸಿಪ್ಪೆಯ ಒಂದು ಎಳೆಯಲ್ಲಿ ಜೋತರೆ ಅದೇ ಹದ. ಬಣ್ಣದಲ್ಲಿಯೂ ಗೊತ್ತಾಗುತ್ತದೆ. ತುದಿ ಹಸಿರು, ಬುಡದ ಕಡೆ ಸಣ್ಣ ಕಂದು ಚುಕ್ಕೆಗಳು ಆಗತಾನೇ ಮೂಡುತ್ತಿರುತ್ತವೆ.

ಕಾಫಿ ಗಿಡ ಸವರುವ ಕತ್ತರಿಯಿಂದ ಕೊಂಬೆ ತೆಗೆದರೂ ಕೊನೆಯ ಗಾಯವನ್ನು ಬ್ಲೇಡಿನಿಂದಲೇ ಮಾಡಿದೆ. ಕತ್ತರಿ ಒಂದು ಬದಿಯಲ್ಲಿ ಜಜ್ಜುತ್ತದೆ, ಜಜ್ಜಿದ ಕಡೆ ಮೊದಲು ಕೊಳೆಯುತ್ತದೆ. ಹತ್ತು ಕಡ್ಡಿಗೊಮ್ಮೆ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿಕೊಂಡೆ. ಐದು ಇಂಚಿನ ತುಂಡು, ಗೆಣ್ಣಿನಿಂದ ಒಂದು ಕಡಲೆಕಾಳಿನ ಅರ್ಧದಷ್ಟು ಕೆಳಗೆ ಗಾಯ. ಗೆಣ್ಣಿನ ಸುತ್ತ ಬೇರಾಗಬಲ್ಲ ಜೀವಕೋಶಗಳು ಹೆಚ್ಚು, ಅಲ್ಲಿಂದ ಕೆಳಗೆ ಉದ್ದ ಬಾಲ ಬಿಟ್ಟರೆ ಆ ಬಾಲ ಕೊಳೆತು ಗೆಣ್ಣಿಗೂ ಏರುತ್ತದೆ. ಕೆಳಗಿನ ಜೋಡಿ ಎಲೆ ತೆಗೆದು, ಮೇಲಿನ ಜೋಡಿಯನ್ನು ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿದೆ. “ಪಾಪ, ಅದನ್ನೂ ಯಾಕೆ ಕತ್ತರಿಸುತ್ತೀ?” ಎಂದು ಅಮ್ಮನಿಗೆ ಸಂಕಟ. ಪೂರ್ತಿ ಎಲೆ ಬಿಟ್ಟರೆ ಬೇರಿಲ್ಲದ ಕಡ್ಡಿ ಕೊಡಲಾರದಷ್ಟು ನೀರನ್ನು ಅದು ಹೊರಬಿಡುತ್ತದೆ. ಪೂರ್ತಿ ತೆಗೆದರೆ ಬೇರು ಹುಟ್ಟಿಸುವ ಸಕ್ಕರೆಯೂ ಆಕ್ಸಿನ್ ಎಂಬ ಚೋದಕವೂ ಬುಡಕ್ಕೆ ಇಳಿಯುವುದಿಲ್ಲ. ಹಾಗಾಗಿ ಅರ್ಧ.

ಬೇರು ಬರಿಸುವ ಪುಡಿಯೆಂದು ಗೊಬ್ಬರದ ಅಂಗಡಿಯಲ್ಲಿ ಸಿಗುವುದು ಆ ಆಕ್ಸಿನ್ ಜಾತಿಯದೇ, ಇಂಡೋಲ್ ಬ್ಯುಟಿರಿಕ್ ಆಮ್ಲ, ಚಿಕ್ಕದಾಗಿ ಐಬಿಎ. ಮೆತ್ತನೆಯ ಕಡ್ಡಿಗೆ ಕಡಿಮೆ ಬಲದ್ದು, ಬಲಿತದ್ದಕ್ಕೆ ಹೆಚ್ಚು ಬಲದ್ದು ಎಂದು ಬೇರೆ ಬೇರೆ ಡಬ್ಬಿ ಬರುತ್ತದೆ. ಡಬ್ಬಿಯೊಳಗೆ ಒದ್ದೆ ಕಡ್ಡಿ ಅದ್ದಬಾರದು, ಉಳಿದ ಪುಡಿಯೆಲ್ಲ ಕೆಡುತ್ತದೆ. ಒಂದು ಮುಚ್ಚಳದಷ್ಟು ಬೇರೆ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಅದರಲ್ಲಿ ಉಳಿದದ್ದನ್ನು ಚೆಲ್ಲಬೇಕು. ಕಡ್ಡಿಯ ಬುಡವನ್ನು ಅದ್ದಿ, ಅಂಟಿದ್ದನ್ನು ಬೆರಳಿನಿಂದ ತಟ್ಟಿ ಉದುರಿಸಿದೆ. ತೆಳ್ಳಗೆ ಬಳಿದಷ್ಟೇ ಸಾಕು. ಮರಳಿನಲ್ಲಿ ಮೊದಲು ಪೆನ್ಸಿಲ್‌ನಿಂದ ತೂತು ಮಾಡಿ, ಕಡ್ಡಿ ಇಳಿಸಿ, ಸುತ್ತ ಒತ್ತಿದೆ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಒರೆಸಿಹೋಗುತ್ತದೆ.

36 ಹೈಡ್ರೇಂಜಿಯ ಕಡ್ಡಿಗಳಲ್ಲಿ 24ಕ್ಕೆ ಪುಡಿ ಹಾಕಿ, 12ನ್ನು ಹಾಗೆಯೇ ನೆಟ್ಟೆ. ವ್ಯತ್ಯಾಸ ಎಷ್ಟೆಂದು ನನಗೇ ತಿಳಿಯಬೇಕಿತ್ತು. ಫ್ಯೂಷಿಯಾದ ತುದಿಗಳು 12, ದಾಸವಾಳ 14, ಬಿಗೋನಿಯಾ 8. ಗುಲಾಬಿಯದು ಪೆನ್ಸಿಲ್ ದಪ್ಪದ ಬಲಿತ ಕಡ್ಡಿ 10. ಪಕ್ಕದ ಮನೆಯ ದೊಡ್ಡಮ್ಮ ಆರು ಗುಲಾಬಿ ಕಡ್ಡಿಗಳ ಮೇಲ್ತುದಿಗೆ ಸೆಗಣಿಯುಂಡೆ ಮೆತ್ತಿಕೊಟ್ಟರು. ಅವರ ಅಂಗಳದಲ್ಲಿ ಆ ಬಗೆಯಲ್ಲಿ ಎದ್ದ ಗುಲಾಬಿ ನಾನೇ ಕಂಡಿದ್ದೇನೆ. ಒಟ್ಟು 80 ಕಡ್ಡಿ, ಎಲೆಗೆ ಎಲೆ ತಾಗದಂತೆ.

ಹೈಡ್ರೇಂಜಿಯದ ಬಣ್ಣದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅಮ್ಮನ ಸಾಲಿನಲ್ಲಿ ಎರಡು ಗಿಡ ಪ್ರತಿ ವರ್ಷ ಗುಲಾಬಿ ಬಣ್ಣದ ಹೂ ಬಿಡುತ್ತವೆ, ಉಳಿದವೆಲ್ಲ ನೀಲಿ. ಗುಲಾಬಿಯದು ಬೇರೆ ಜಾತಿಯೆಂದೇ ಅಮ್ಮ ಇಷ್ಟು ವರ್ಷ ನಂಬಿದ್ದರು. ಆ ಎರಡೂ ಇರುವುದು ಕಲ್ಲುಕಟ್ಟಿಗೆ ಸಿಮೆಂಟ್ ಮೆತ್ತಿದ ಜಾಗದಲ್ಲಿ. ಸಿಮೆಂಟಿನ ಸುಣ್ಣದಂಶ ಇಳಿದು ಅಲ್ಲಿಯ ಮಣ್ಣಿನ ಹುಳಿ ಕಡಿಮೆಯಾಗಿದೆ. ನಮ್ಮ ಕಡೆಯ ಮಣ್ಣು ಮಳೆಯಲ್ಲಿ ತೊಳೆದು ತೊಳೆದು ಹುಳಿಯಾದದ್ದು, ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಬೇರು ಅದನ್ನು ಎಳೆದುಕೊಂಡರೆ ಹೂವಿಗೆ ನೀಲಿ ಬರುತ್ತದೆ. ಸುಣ್ಣವಿದ್ದಲ್ಲಿ ಅದು ಕರಗುವುದಿಲ್ಲ. ಕೊಡಗಿನ ಊರೂರುಗಳಲ್ಲಿ ನೀಲಿ ಹೈಡ್ರೇಂಜಿಯವೇ ಹೆಚ್ಚು ಕಾಣುವುದಕ್ಕೆ ಇದೇ ಕಾರಣ. ಹಾಗಾದರೆ ಹೊಸ ಗೋಡೆಯ ಪಕ್ಕದಲ್ಲೇ ನೆಟ್ಟರೆ ಎಲ್ಲವೂ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಅಮ್ಮನಿಗೆ ನೀಲಿಯೇ ಬೇಕು. ಗೋಡೆಯಿಂದ ನಾಲ್ಕಡಿ ಈಚೆಗೆ ಗುಂಡಿ ತೆಗೆಯುವುದೆಂದು ಈಗಲೇ ಬರೆದಿಟ್ಟಿದ್ದೇನೆ. ಎರಡೂ ಬಣ್ಣದ ಗಿಡಗಳ ಕಡ್ಡಿಗೆ ಬೇರೆ ಬೇರೆ ಚೀಟಿ ಕಟ್ಟಿದ್ದೇನೆ, ಒಂದು ಗುಲಾಬಿ ಬಣ್ಣದ್ದನ್ನಾದರೂ ಬಾಗಿಲ ಬಳಿ ಸುಣ್ಣ ಬೆರೆಸಿದ ಕುಂಡದಲ್ಲಿ ಉಳಿಸಿಕೊಳ್ಳುವ ಆಸೆ.

ಜೆರೇನಿಯಂ ಪೆಟ್ಟಿಗೆಗೆ ಸೇರುವ ಗಿಡವಲ್ಲ. ಅದರ ಕಾಂಡವೇ ನೀರಿನ ಚೀಲ, ಮುಚ್ಚಿದ ತೇವದಲ್ಲಿ ಮೂರೇ ದಿನಕ್ಕೆ ಕರಗಿಬಿಡುತ್ತದೆ. ಹತ್ತು ತುಂಡುಗಳನ್ನು ಒಂದು ರಾತ್ರಿ ನೆರಳಿನಲ್ಲಿ ಗಾಯ ಒಣಗಲು ಬಿಟ್ಟು, ಮರುದಿನ ತೆರೆದ ಕುಂಡದ ಮರಳಿಗೆ ಇಳಿಸಿದೆ. ಪಾಯಿನ್ಸೆಟ್ಟಿಯಾವನ್ನು ಈಗ ಮುಟ್ಟಲೇ ಇಲ್ಲ. ರಾತ್ರಿ ಉದ್ದವಾಗುತ್ತಿದ್ದಂತೆ ಅದು ಮೊಗ್ಗು ಕಟ್ಟುವ ತಯಾರಿಯಲ್ಲಿರುತ್ತದೆ, ಬೇರಿನ ಕಡೆ ಅದರ ಶಕ್ತಿ ಹೋಗುವುದಿಲ್ಲ. ಹೂ ಮುಗಿದು ಸವರುವಾಗಿನ ಕಡ್ಡಿಯೇ ಒಳ್ಳೆಯದು. ಅದೃಷ್ಟಕ್ಕೆ ಅದು ಗೇಟಿನ ಬಳಿ ಇದೆ. ಕರಿಮೆಣಸಿನ ಹಬ್ಬುಬಳ್ಳಿಯ ಕಾಲ ಫೆಬ್ರವರಿ–ಮಾರ್ಚ್, ಅದರ ಮಾತು ಬೇರೆ.

ಮದ್ದುಸೊಪ್ಪಿನ ಕೆಲಸ ಅಮ್ಮನದೇ ಆಯಿತು. ಕೊಡವರ ಕಕ್ಕಡ ತಿಂಗಳ 18ರಂದು, ಆಗಸ್ಟ್ ಮೊದಲ ವಾರದಲ್ಲಿ, ಇದರ ಎಲೆ ಕಾಂಡ ಕುದಿಸಿದ ಕಡುನೇರಳೆ ನೀರಿನಲ್ಲಿ ಪಾಯಸ ಮಾಡದ ಮನೆ ನಮ್ಮ ಕಡೆ ಅಪರೂಪ. ಆ ದಿನ ಕತ್ತರಿಸಿದ ಮೊಂಡುಗಳಿಂದ ಹೊಡೆದ ಚಿಗುರು ಈಗ ಒಂದು ಗೇಣು ಎದ್ದಿತ್ತು. “ಇದಕ್ಕೆ ನಿನ್ನ ಪುಡಿ, ಗಾಜು ಏನೂ ಬೇಡ” ಎಂದು ಅಮ್ಮ ಇಪ್ಪತ್ತು ತುಂಡು ಮುರಿದು, ಕಾಫಿ ಗಿಡದ ನೆರಳಿನಲ್ಲಿ, ತರಗೆಲೆ ಸರಿಸಿ, ಎರಡೆರಡು ಗೆಣ್ಣು ನೆಲದೊಳಗೆ ಹೋಗುವಂತೆ ಓರೆಯಾಗಿ ಊರಿದರು. ಹತ್ತು ನಿಮಿಷದ ಕೆಲಸ.

ಅಕ್ಟೋಬರ್ 9. ಬೂಷ್ಟು.

ಮೊದಲ ಹತ್ತು ದಿನ ಗಾಜು ತೆರೆದದ್ದು ಕಡಿಮೆ. ಬೆಳಿಗ್ಗೆ ಐದು ನಿಮಿಷ, ಎಲೆ ಬಾಡಿದ್ದರೆ ಸಣ್ಣಗೆ ನೀರು ಸಿಂಪಡಿಸಿ ಮುಚ್ಚುವುದು. ಹನ್ನೊಂದನೆಯ ದಿನ ಗಾಜೆತ್ತಿದಾಗ ವಾಸನೆಯೇ ಬೇರೆ ಇತ್ತು. ಗುಲಾಬಿಯ ಮೂಲೆಯಲ್ಲಿ ಸೆಗಣಿಯುಂಡೆಗಳ ಮೇಲೆ ಹತ್ತಿಯಂಥ ಬೂದುಬಣ್ಣದ ಬೂಷ್ಟು ಎದ್ದು, ಪಕ್ಕದ ಒಂದು ಹೈಡ್ರೇಂಜಿಯದ ಎಲೆಗೂ ಎಳೆ ಚಾಚಿತ್ತು. ಸೆಗಣಿ ಹಚ್ಚುವುದು ತೆರೆದ ಅಂಗಳಕ್ಕೆ ಸರಿ. ಗಾಳಿಯಾಡುವಲ್ಲಿ ಅದು ಒಣಗಿ ಕಡ್ಡಿಯ ತುದಿಗೆ ಮುಚ್ಚಳದಂತೆ ಕೂರುತ್ತದೆ, ಒಳಗಿನ ನೀರು ಆರುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಒಣಗುವುದೇ ಇಲ್ಲ. ದೊಡ್ಡಮ್ಮನಿಗೆ ಹೇಳಿದೆ. ಅವರು ಬಂದು ನೋಡಿ, “ಹೌದಲ್ಲ, ಇದಕ್ಕೆ ಉಸಿರೇ ಇಲ್ಲ” ಎಂದು ತಾವೇ ಆ ಆರು ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕಿದರು.

ಆ ಮೂಲೆಯ ಮರಳನ್ನು ಒಂದು ಅಂಗೈಯಗಲ ಅಗೆದು ತೆಗೆದು, ಬೂಷ್ಟು ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದೆ. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣ ತೋಟದ ಮನೆಯಲ್ಲಿ ಇದ್ದೇ ಇರುತ್ತವೆ. ಶೇಕಡಾ ಒಂದರದ್ದಕ್ಕೆ ತೋಟದಲ್ಲಿ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಹಾಕುತ್ತೇವೆ, ಇಲ್ಲಿ ಒಂದು ಲೀಟರಿಗೆ ಹತ್ತು ಹತ್ತು ಗ್ರಾಂ. ಎರಡನ್ನೂ ಅರ್ಧರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಬೇಕು. ಹೊಳೆಯುವ ಕಬ್ಬಿಣದ ಬ್ಲೇಡನ್ನು ಒಂದು ನಿಮಿಷ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕೂರದಿದ್ದರೆ ದ್ರಾವಣ ಸರಿಯಾಗಿದೆ, ಎಲೆ ಸುಡುವುದಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಗಾಜು ತೆರೆದಿಟ್ಟೆ, ಉದುರಿದ ಎಲೆಯನ್ನು ಅಂದಂದೇ ಹೆಕ್ಕಿದೆ. ಬೂಷ್ಟು ಮತ್ತೆ ಬರಲಿಲ್ಲ.

ಅಕ್ಟೋಬರ್ 17. ಬಿಸಿಲು.

ಸಂಕ್ರಮಣದ ದಿನ. ಮನೆಮಂದಿಯೆಲ್ಲ ಭಾಗಮಂಡಲದಲ್ಲಿ ಮಿಂದು ತಲಕಾವೇರಿಗೆ ಹೋದೆವು. ಹಿಂತಿರುಗಿದಾಗ ಮಧ್ಯಾಹ್ನ ಮೂರು ಗಂಟೆ. ತೀರ್ಥದ ಬಿಂದಿಗೆ ಒಳಗಿಟ್ಟು ನೇರ ಪೆಟ್ಟಿಗೆಯ ಬಳಿ ಹೋದರೆ ಗಾಜು ಮುಟ್ಟಲಾಗದಷ್ಟು ಕಾದಿತ್ತು. ಒಳಗೆ 43 ಡಿಗ್ರಿ. ಮುಂದಿನ ಎರಡು ಸಾಲುಗಳ ಎಲೆ ಬೆಂದ ಸೊಪ್ಪಿನಂತೆ ಕಂದಿಹೋಗಿತ್ತು. ಒಂಬತ್ತು ಹೈಡ್ರೇಂಜಿಯ, ನಾಲ್ಕು ಫ್ಯೂಷಿಯಾ.

ತಪ್ಪು ನನ್ನದೇ. ಬಚ್ಚಲುಮನೆಯ ಆ ಗೋಡೆ ದಕ್ಷಿಣಕ್ಕಿದೆ. ಸೂರು ತಗ್ಗಾಗಿ ಮೂರಡಿ ಮುಂದೆ ಚಾಚಿರುವುದರಿಂದ ಸೆಪ್ಟೆಂಬರಿನಲ್ಲಿ ನಡುಮಧ್ಯಾಹ್ನವೂ ಪೆಟ್ಟಿಗೆಯ ಮೇಲೆ ನೆರಳಿತ್ತು. ಸೂರ್ಯ ದಿನದಿನಕ್ಕೂ ದಕ್ಷಿಣಕ್ಕೆ ವಾಲುತ್ತಾನೆ, ಮೂರೇ ವಾರದಲ್ಲಿ ಬಿಸಿಲು ಸೂರಿನ ಕೆಳಗೆ ನುಸುಳಿ ಮುಂಬದಿಗೆ ಬಂದಿತ್ತು. ಅಷ್ಟು ದಿನ ಮೋಡವಿದ್ದುದರಿಂದ ನನ್ನ ಗಮನಕ್ಕೆ ಬಂದಿರಲಿಲ್ಲ, ಸಂಕ್ರಮಣದ ದಿನ ಆಕಾಶ ತಿಳಿಯಾಗಿತ್ತು. ಶರತ್ಕಾಲದಲ್ಲಿ ಇಂಥ ಪೆಟ್ಟಿಗೆ ಇಡುವವರು ಇಟ್ಟ ದಿನದ ನೆರಳನ್ನು ನಂಬಬಾರದು, ಒಂದು ತಿಂಗಳ ನಂತರದ ನೆರಳನ್ನು ಲೆಕ್ಕ ಹಾಕಬೇಕು. ಗೋಣಿಚೀಲ ಹೊದಿಸಿದರೆ ಒಳಗೆ ಪೂರ್ತಿ ಕತ್ತಲೆ. ಅಪ್ಪನ ಹಳೆಯ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಗಾಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟೆ. ಮರುದಿನ ಅದೇ ಹೊತ್ತಿಗೆ ಒಳಗೆ 29.

ಅಕ್ಟೋಬರ್ 26. ಬೇರು.

ನಾಲ್ಕು ವಾರ ತುಂಬಿತು. ಕಡ್ಡಿಯ ತುದಿಯಲ್ಲಿ ಹೊಸ ಚಿಗುರು ಕಂಡರೆ ಬೇರು ಬಂದಿದೆಯೆಂದು ಹಿಗ್ಗಬಾರದು, ಕಡ್ಡಿಯೊಳಗೆ ಕೂಡಿಟ್ಟ ಶಕ್ತಿಯಿಂದಲೂ ಚಿಗುರು ಬರುತ್ತದೆ. ಎರಡು ಬೆರಳಿನಲ್ಲಿ ಹಿಡಿದು ಬಲು ಮೆತ್ತಗೆ ಮೇಲಕ್ಕೆಳೆದಾಗ ಕೆಳಗಿನಿಂದ ಯಾರೋ ಹಿಡಿದಂತಾದರೆ ಬೇರಿದೆ. ಹಾಗೆ ಹಿಡಿತ ಕೊಟ್ಟ ಒಂದನ್ನು ಐಸ್‌ಕ್ರೀಂ ಚಮಚದಿಂದ ಬದಿಯ ಮರಳು ಸಮೇತ ಎತ್ತಿದೆ. ಕಡ್ಡಿಯ ಬುಡದಲ್ಲಿ, ಬ್ಲೇಡಿನ ಗಾಯವನ್ನು ಸುತ್ತುವರಿದು, ಕಡಂಬಿಟ್ಟು ಮಾಡುವ ಅಕ್ಕಿತರಿಯಷ್ಟು ದಪ್ಪದ ಬಿಳಿಯ ಉಬ್ಬುಗಳು. ಅದು ಬೇರಲ್ಲ, ಗಾಯ ಮುಚ್ಚುವ ಕ್ಯಾಲಸ್. ಅದರ ಸ್ವಲ್ಪ ಮೇಲೆ, ಗೆಣ್ಣಿನ ಸಿಪ್ಪೆಯನ್ನು ಸೀಳಿಕೊಂಡು ಹೊರಬಂದ ಆರು ಬೇರುಗಳು. ಒಂದಂಗುಲ ಉದ್ದ, ಹಾಲಿನ ಬಿಳುಪು, ತುದಿ ಮಾತ್ರ ತುಸು ಹಳದಿ. ಒಂದು ಬೇರಿನ ತುದಿ ಸುಟ್ಟ ಹೊಟ್ಟಿನ ದೋಣಿಯಂಥ ಸಿಪ್ಪೆಯೊಂದನ್ನು ತೂರಿ ಆಚೆ ಹೋಗಿತ್ತು. ಅಮ್ಮನನ್ನು ಕೂಗಿದೆ. ಅವರು ಕನ್ನಡಕ ತಂದು, ಕೈಗೆ ತೆಗೆದುಕೊಳ್ಳದೆ, ನನ್ನ ಅಂಗೈಯಲ್ಲೇ ಬಹಳ ಹೊತ್ತು ನೋಡಿದರು.

ಫ್ಯೂಷಿಯಾ ಮೂರನೆಯ ವಾರಕ್ಕೇ ಬೇರು ಬಿಟ್ಟಿತ್ತು, ಬಿಸಿಲಿಗೆ ಹೋದ ನಾಲ್ಕನ್ನು ಬಿಟ್ಟು ಎಂಟೂ ಎದ್ದವು. ಬಿಗೋನಿಯಾ ಎಂಟರಲ್ಲಿ ಏಳು. ಹೈಡ್ರೇಂಜಿಯದಲ್ಲಿ ಪುಡಿ ಹಾಕಿದವು 15, ಹಾಕದವು 8. ಬೆಂದುಹೋದವುಗಳನ್ನು ಲೆಕ್ಕದಿಂದ ತೆಗೆದರೆ ಪುಡಿಯದು 17ರಲ್ಲಿ 15, ಪುಡಿಯಿಲ್ಲದ್ದು 10ರಲ್ಲಿ 8. ಇಷ್ಟು ಕಡಿಮೆ ಕಡ್ಡಿಯಲ್ಲಿ ದೊಡ್ಡ ವ್ಯತ್ಯಾಸವೆಂದು ಹೇಳಲಾರೆ. ಆದರೆ ಪುಡಿ ಹಾಕಿದವಕ್ಕೆ ಐದಾರು ಬೇರು ಸುತ್ತಲೂ ಬಂದಿದ್ದರೆ, ಹಾಕದವಕ್ಕೆ ಎರಡು ಮೂರು ಒಂದೇ ಪಕ್ಕದಲ್ಲಿದ್ದವು. ದಾಸವಾಳ ಮಾತ್ರ ನವೆಂಬರ್ ನಡುವಿನವರೆಗೆ, ಏಳು ವಾರ ಕಾಯಿಸಿತು. 14ರಲ್ಲಿ ಐದು ಎಲೆಯುದುರಿಸಿ ಒಣಗಿದವು, ಒಂಬತ್ತು ಉಳಿದವು. ಸೆಗಣಿಯಿಲ್ಲದ ನಾಲ್ಕು ಗುಲಾಬಿಗಳಲ್ಲಿ ಮೂರು. ಮುಂದಿನ ಸಲ ಗುಲಾಬಿಯನ್ನು ದೊಡ್ಡಮ್ಮನ ಅಂಗಳದಲ್ಲಿಯೇ, ಅವರ ಕೈಯಿಂದಲೇ, ಜೂನ್‌ನಲ್ಲಿ ನೆಡಿಸಬೇಕು.

ಹೊರಗಿನ ಜೆರೇನಿಯಂ ಕುಂಡಕ್ಕೆ ಒಂದು ರಾತ್ರಿ ಬಸವನಹುಳು ಹತ್ತಿ ನಾಲ್ಕರ ತುದಿಯನ್ನು ಬೋಳಿಸಿತು, ಆರು ಉಳಿದಿವೆ. ಅಮ್ಮನ ಮದ್ದುಸೊಪ್ಪು ಇಪ್ಪತ್ತರಲ್ಲಿ ಹತ್ತೊಂಬತ್ತು.

ನವೆಂಬರ್ 2ರಿಂದ ಚೀಲಕ್ಕೆ.

ಕಾಫಿ ಸಸಿಯ ಕಪ್ಪು ಚೀಲ, ಕಾಫಿ ಸಸಿಯದೇ ಮಿಶ್ರಣ: ಆರು ಪಾಲು ಕಾಡುಮಣ್ಣು, ಎರಡು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಬೇರು ಒಂದಂಗುಲ ಆದ ಕೂಡಲೇ ಎತ್ತಿದ್ದು ಒಳ್ಳೆಯದಾಯಿತು. ಒಂದು ವಾರ ತಡವಾಗಿ ಎತ್ತಿದ ಫ್ಯೂಷಿಯಾಗಳ ಬೇರು ಒಂದಕ್ಕೊಂದು ಹೆಣೆದು, ಬಿಡಿಸುವಾಗ ಹರಿಯಿತು. ಪೆಟ್ಟಿಗೆಯ ಗಿಡವನ್ನು ಒಮ್ಮೆಗೇ ಹೊರಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಜೋಲುತ್ತದೆ. ಚೀಲಗಳನ್ನು ಮತ್ತೆ ಪೆಟ್ಟಿಗೆಯೊಳಗೇ ನಿಲ್ಲಿಸಿ, ಗಾಜಿನ ಕೆಳಗೆ ಮೊದಲ ದಿನ ಒಂದು ಬೆರಳು ದಪ್ಪದ ಕಾಫಿ ಕಡ್ಡಿ, ಮೂರನೆಯ ದಿನ ಎರಡು, ಹೀಗೆ ಹತ್ತು ದಿನದಲ್ಲಿ ಪೂರ್ತಿ ತೆರೆದೆ. ಆಮೇಲೆ ಕಿತ್ತಳೆ ಮರದ ನೆರಳಿಗೆ.

ಇಂದು ನವೆಂಬರ್ 30. ಕಾಫಿ ಕೊಯ್ಲು ಶುರುವಾಗಿದೆ, ಕಣದ ಅಂಚಿನಲ್ಲಿ ಚೀಲಗಳ ಸಾಲು ನಿಂತಿದೆ. ನೀಲಿಯೆಂದು ಚೀಟಿ ಕಟ್ಟಿದ್ದರಲ್ಲಿ ನಾಲ್ಕನ್ನು ದೊಡ್ಡಮ್ಮ ಈಗಾಗಲೇ ತಮ್ಮದೆಂದು ಗುರುತು ಮಾಡಿಟ್ಟಿದ್ದಾರೆ. ಪೆಟ್ಟಿಗೆಯಲ್ಲಿ ಉಳಿದದ್ದು ಮೂರು ಹೈಡ್ರೇಂಜಿಯ ಕಡ್ಡಿ. ಒಂಬತ್ತು ವಾರವಾದರೂ ಬುಡದಲ್ಲಿ ಬರೀ ಬಿಳಿ ಉಬ್ಬು, ಬೇರಿಲ್ಲ. ಎಲೆ ಇನ್ನೂ ಹಸಿರಾಗಿದೆ. ಬೆಳಿಗ್ಗೆ ಅವುಗಳನ್ನು ಎತ್ತಿ ನೋಡಿ, ಉಬ್ಬನ್ನು ಬ್ಲೇಡಿನ ತುದಿಯಿಂದ ಸ್ವಲ್ಪ ಕೆರೆದು, ಮತ್ತೆ ಪುಡಿ ಮುಟ್ಟಿಸಿ, ಒಲೆಯ ಬೆನ್ನಿಗೆ ತೀರ ಹತ್ತಿರದ ಸಾಲಿನಲ್ಲಿ ನೆಟ್ಟೆ. ಗಾಜು ಮುಚ್ಚಿದ್ದೇನೆ. ಜೆಸಿಬಿ ಬರಲು ಇನ್ನೂ ಐದು ವಾರ ಇದೆ.